ಹೂದಾನಿಯ ಹೂ ಬೇಗ ಬಾಡಿದರೆ ಮೊದಲು ದಂಟಿನ ತುದಿ ನೋಡಿ

ಹೋದ ಫಾಲ್ಗುಣದ ಒಂದು ಬೆಳಿಗ್ಗೆ ಧಾರವಾಡದ ನಮ್ಮ ಹಿತ್ತಲಿನಲ್ಲಿ ಐದು ಗುಲಾಬಿ ಕತ್ತರಿಸಿ ಪಡಸಾಲೆಯ ಹೂದಾನಿಯಲ್ಲಿ ಇಟ್ಟೆ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಬಂದು ನೋಡಿದರೆ ಮೂರು ಹೂ ನೆಟ್ಟಗೆ ನಿಂತಿದ್ದವು. ಇನ್ನೆರಡು ಕತ್ತು ಬಗ್ಗಿಸಿ ನೆಲ ನೋಡುತ್ತಿದ್ದವು. ಒಂದೇ ಗಿಡದ ಹೂ, ಒಂದೇ ನೀರು, ಒಂದೇ ಹೂದಾನಿ.

ಹೂ ಬಾಡಿದರೆ ನಾವು "ಬಿಸಿಲು ಜಾಸ್ತಿ" ಅಂದು ಸುಮ್ಮನಾಗುತ್ತೇವೆ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಗಾಳಿ ಒಣಗುತ್ತದೆ, ಅದು ನಿಜ. ಗದಗಿನ ಕಡೆಗಂತೂ ಇನ್ನೂ ಜಾಸ್ತಿ. ಆದರೆ ಆ ಐದೂ ಹೂವಿಗೆ ಬಿಸಿಲು ಒಂದೇ ಇತ್ತು, ಅಲ್ವಾ? ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಕೂತು ನೆನಪು ಮಾಡಿಕೊಂಡೆ. ಮೊದಲು ಕತ್ತರಿಸಿದ ಎರಡು ಹೂವನ್ನು ತುಳಸಿ ಕಟ್ಟೆಯ ಮೇಲೆ ಇಟ್ಟು, ಪಕ್ಕದ ಮನೆಯವರ ಜೊತೆ ಹತ್ತು ನಿಮಿಷ ಮಾತಾಡಿದ್ದೆ. ಆಮೇಲೆ ಕತ್ತರಿಸಿದ ಮೂರು ನೇರವಾಗಿ ಬಕೆಟ್ಟಿನ ನೀರಿಗೆ ಹೋಗಿದ್ದವು.

ಆ ಹತ್ತು ನಿಮಿಷದಲ್ಲಿ ಏನಾಯಿತು ಅಂತ ತಿಳಿಯಲು ಎಳನೀರಿನ ಕೊಳವೆ ನೆನಪಿಸಿಕೊಳ್ಳಿ. ಕುಡಿಯುತ್ತಾ ಇರುವಾಗ ಕೊಳವೆಯನ್ನು ನೀರಿನಿಂದ ಮೇಲೆತ್ತಿದರೆ ಗಾಳಿ ನುಗ್ಗುತ್ತದೆ. ಹೂವಿನ ದಂಟಿನ ಒಳಗೂ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಎಲೆ ಮತ್ತು ಎಸಳುಗಳಿಂದ ನೀರು ಆವಿಯಾಗಿ ಹೋದಂತೆ ಕೆಳಗಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಕತ್ತರಿಸಿದ ಕ್ಷಣವೂ ಆ ಎಳೆತ ನಿಲ್ಲುವುದಿಲ್ಲ. ನೀರು ಸಿಗದಿದ್ದರೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ತುಂಬಿದ ಕೊಡದಲ್ಲಿ ನಿಲ್ಲಿಸಿದರೂ ಗುಳ್ಳೆ ಅಡ್ಡ ನಿಂತಿರುತ್ತದೆ. ಹೂ ನೀರಿನಲ್ಲೇ ನಿಂತು ಬಾಯಾರುತ್ತದೆ.

ಹಾಗಾಗಿ ಹೂದಾನಿಯ ಹೂ ಬಾಡಿದಾಗ ನಾನು ಮೇಲಿನಿಂದ ನೋಡುವುದಿಲ್ಲ, ಕೆಳಗಿನಿಂದ ಹುಡುಕುತ್ತೇನೆ. ಮೊದಲು ನೀರಿನ ಬಣ್ಣ ಮತ್ತು ವಾಸನೆ. ಆಮೇಲೆ ದಂಟಿನ ತುದಿ ಹಿಚುಕಿ ನೋಡುವುದು. ಆಮೇಲೆ ಹೂವಿನ ಕತ್ತು. ಕೊನೆಗೆ ಹೂದಾನಿ ಇಟ್ಟ ಜಾಗ. ಹತ್ತರಲ್ಲಿ ಏಳೆಂಟು ಸಲ ಮೊದಲ ಎರಡರಲ್ಲೇ ಕಾರಣ ಸಿಗುತ್ತದೆ.

ನೀರು ತಿಳಿಯಾಗಿದೆ, ದಂಟು ಗಟ್ಟಿಯಾಗಿದೆ, ಆದರೂ ಕತ್ತು ಬಗ್ಗಿದೆ

ಇದು ಗಾಳಿ ಸಿಕ್ಕಿಕೊಂಡ ಲಕ್ಷಣ. ಅದೇ ದಿನ ನೋಡಿದರೆ ಹೂ ಉಳಿಯುತ್ತದೆ.

ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ. ದಂಟನ್ನು ನೀರಿನೊಳಗೆ ಹಿಡಿದು ತುದಿಯಿಂದ ಎರಡು ಬೆರಳಿನಷ್ಟು ಮೇಲೆ ಓರೆಯಾಗಿ ಕತ್ತರಿಸಿ. ಕಣ್ಣು ಹತ್ತಿರ ಇಟ್ಟು ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆ ಒಂದೆರಡು ತುದಿಯಿಂದ ಬಿಡಿಸಿಕೊಂಡು ಮೇಲೆ ಬರುವುದು ಒಮ್ಮೊಮ್ಮೆ ಕಾಣುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಮುಳ್ಳು ತೆಗೆದಷ್ಟು ಸಮಾಧಾನ. ಕತ್ತರಿಸಿದ ತುದಿಗೆ ಒಂದು ಹನಿ ನೀರು ಅಂಟಿಕೊಂಡೇ ಇರುತ್ತದೆ. ಅದು ಆರುವ ಮೊದಲೇ ಹೂದಾನಿಗೆ ಸಾಗಿಸಿ.

ಈಗ ಹಳೆಯ ದಿನಪತ್ರಿಕೆಯ ಹಾಳೆಯಲ್ಲಿ ಹೂಗಳನ್ನು ಕತ್ತಿನವರೆಗೆ ನೆಟ್ಟಗೆ ಸುತ್ತಿ. ಸ್ನಾನದ ನೀರಿಗಿಂತ ಕಡಿಮೆ ಬಿಸಿಯಿರುವ ಉಗುರು ಬೆಚ್ಚಗಿನ ನೀರಿನಲ್ಲಿ ಆಳವಾಗಿ ನಿಲ್ಲಿಸಿ ಕತ್ತಲೆ ಮೂಲೆಯಲ್ಲಿ ಇಡಿ. ಬೆಚ್ಚಗಿನ ನೀರು ಸಲೀಸಾಗಿ ಮೇಲೇರುತ್ತದೆ. ಕಾಗದ ಕತ್ತನ್ನು ನೆಟ್ಟಗೆ ಹಿಡಿದಿರುತ್ತದೆ. ಒಂದೆರಡು ತಾಸಿನಲ್ಲಿ ಹೂ ಎದ್ದು ನಿಲ್ಲಬೇಕು. ನನ್ನ ಆ ಎರಡು ಗುಲಾಬಿ ಸಂಜೆಯ ಚಹಾದ ಹೊತ್ತಿಗೆ ಎದ್ದಿದ್ದವು.

ಏಳಲಿಲ್ಲವೇ? ಆಗ ಕತ್ತನ್ನು ಬೆರಳಲ್ಲಿ ಹಿಡಿದು ನೋಡಿ. ಕತ್ತು ಎಳೆಯ ಹುರುಳಿಕಾಯಿಯ ಹಾಗೆ ಮೆತ್ತಗಿದ್ದು, ಮೊಗ್ಗು ಗಟ್ಟಿಯಾಗಿ ಮುಚ್ಚಿಯೇ ಇದ್ದರೆ, ಅದನ್ನು ಎಳೆಯದಾಗಿದ್ದಾಗಲೇ ಕತ್ತರಿಸಿದ್ದೀರಿ. ಕತ್ತು ಬಲಿತಿಲ್ಲದ ಮೊಗ್ಗಿಗೆ ಯಾವ ಉಪಾಯವೂ ಹತ್ತುವುದಿಲ್ಲ. ಗುಲಾಬಿಯಲ್ಲಿ ಹೊರಗಿನ ಒಂದೆರಡು ಎಸಳು ಬಿಚ್ಚಲು ಶುರುವಾದಾಗ ಕತ್ತರಿಸಬೇಕು. ಗ್ಲಾಡಿಯೋಲಸ್ ಆದರೆ ಕೆಳಗಿನ ಒಂದೆರಡು ಮೊಗ್ಗಿನಲ್ಲಿ ಬಣ್ಣ ಕಂಡರೆ ಸಾಕು. ಡೇಲಿಯಾ ಮಾತ್ರ ಹೂದಾನಿಗೆ ಬಂದ ಮೇಲೆ ಸರಿಯಾಗಿ ಅರಳುವುದಿಲ್ಲ, ಗಿಡದಲ್ಲೇ ಅರಳಿದ್ದನ್ನು ತನ್ನಿ. ಜಿನ್ನಿಯಾಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಹೂವಿನ ಒಂದು ಗೇಣು ಕೆಳಗೆ ದಂಟು ಹಿಡಿದು ಅಲ್ಲಾಡಿಸಿ. ಹೂ ತಲೆ ತೂಗಾಡಿದರೆ ಇನ್ನೂ ಬಲಿತಿಲ್ಲ, ಬಿಡಿ. ಕೋಲಿನಂತೆ ನೆಟ್ಟಗೆ ಇದ್ದರೆ ಕತ್ತರಿಸಿ.

ಕತ್ತರಿಯ ಮಾತೂ ಇಲ್ಲೇ ಹೇಳುತ್ತೇನೆ. ಮೊಂಡ ಕತ್ತರಿ ದಂಟನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದರೆ ಒಳಗಿನ ಕೊಳವೆಗಳ ಬಾಯಿ ಮುಚ್ಚುತ್ತದೆ. ಹಾಲಿನ ಪಾಕೀಟು ಕತ್ತರಿಸುವ ಕತ್ತರಿಯನ್ನೇ ಹಿತ್ತಲಿಗೂ ಒಯ್ಯಬೇಡಿ. ಒಂದು ಹರಿತವಾದ ಚಾಕು ಅಥವಾ ಹೊಸ ಬ್ಲೇಡ್ ಹೂವಿಗಾಗಿಯೇ ಇರಲಿ. ಗುಲಾಬಿಯಂಥ ಗಟ್ಟಿ ದಂಟಿನ ತುದಿಯನ್ನು ಕಲ್ಲಿನಿಂದ ಕುಟ್ಟುವ ರೂಢಿ ಕೆಲವರಲ್ಲಿದೆ. ಅದನ್ನು ದಯವಿಟ್ಟು ಬಿಡಿ. ಕುಟ್ಟಿದ ತುದಿ ಎರಡೇ ದಿನಕ್ಕೆ ಕೊಳೆಯುತ್ತದೆ.

ನೀರು ರಾಡಿ, ದಂಟಿಗೆ ಲೋಳೆ

ಎದುರು ಮನೆಯ ಹುಡುಗಿ ಒಂದು ದಿನ ಗೇಟಿನ ಹತ್ತಿರ ನಿಂತು ಕೂಗಿದಳು: "ಅಕ್ಕಾರ, ನಮ್ಮ ಸುಗಂಧರಾಜ ನಾರಾಕತ್ತಾವ್ರೀ. ಹೂ ನೋಡಿದ್ರ ಚೊಲೋನ ಅದಾವ."

"ಹೂ ಅಲ್ಲವಾ, ನೀರು ನಾರಾಕತ್ತೈತಿ. ತಂಬಗಿ ಒಳಗ ಕೈ ಹಾಕಿ ನೋಡ."

ಅವಳು ಕೈ ಹಾಕಿದವಳು ಮುಖ ಸೊಟ್ಟ ಮಾಡಿದಳು. ತಂಬಿಗೆಯ ಒಳಗೋಡೆಗೆ ಬೆಂಡೆಕಾಯಿಯ ಲೋಳೆಯಂಥದ್ದು ಹತ್ತಿತ್ತು. ಹೊರಗೆ ತೆಗೆದ ದಂಟುಗಳ ತುದಿ ಕಂದಾಗಿ, ಹಿಚುಕಿದರೆ ಜಾರುತ್ತಿತ್ತು. ಕೆಳಗಿನ ಎಲೆಗಳನ್ನು ತೆಗೆಯದೆ ಹಾಗೇ ಇಟ್ಟಿದ್ದಳು, ಅವು ನೀರಿನಲ್ಲೇ ಕೊಳೆತಿದ್ದವು. ನೀರು ಹಾಕಿ ನಾಲ್ಕು ದಿನ ಆಗಿತ್ತು.

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಹೂ ಹಾಳಾಗುವುದು ಹೀಗೆಯೇ. ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಆ ಲೋಳೆ ದಂಟಿನ ಕೊಳವೆಗಳನ್ನು ಮುಚ್ಚಿಬಿಡುತ್ತದೆ. ನಮ್ಮ ಊರಿನ ಪರಿಸ್ಥಿತಿಯೂ ಇದಕ್ಕೆ ಕೂಡಿಬರುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಬರುತ್ತದೆ. ನಲ್ಲಿಗೆ ಬಂದ ದಿನ ತುಂಬಿಟ್ಟು ಮುಂದಿನ ಸಲದವರೆಗೆ ಬಳಸುವ ಓಣಿಗಳು ಇನ್ನೂ ಎಷ್ಟೋ ಇವೆ. ಟಾಕಿಯ ತಳದಲ್ಲಿ ದಿನಗಟ್ಟಲೆ ಕೂತ ನೀರನ್ನು ಹೂದಾನಿಗೆ ಹಾಕಿದರೆ ಅರ್ಧ ಕೆಲಸ ಮೊದಲೇ ಕೆಟ್ಟಂತೆ. ಕುದಿಸಿ ಆರಿಸಿದ ಕುಡಿಯುವ ನೀರು ಒಂದು ತಂಬಿಗೆ ತೆಗೆದುಕೊಳ್ಳಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನೀರಿನಲ್ಲಿ ಕರಗಿದ ಗಾಳಿಯೂ ಹೋಗುತ್ತದೆ. ಹೂವಿಗೆ ಎರಡೂ ಲಾಭವೇ.

ಪರಿಹಾರ ಇಷ್ಟು. ಹೂಗಳನ್ನು ಹೊರಗೆ ತೆಗೆದು, ದಂಟಿನ ಲೋಳೆಯನ್ನು ಹರಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ತೊಳೆಯಿರಿ. ಮೆತ್ತಗಾದ ಭಾಗ ಪೂರ್ತಿ ಹೋಗುವಷ್ಟು ಕತ್ತರಿಸಿ, ಹಸಿರು ಗಟ್ಟಿ ದಂಟು ಕಾಣಬೇಕು. ನೀರಿನ ಮಟ್ಟದ ಕೆಳಗೆ ಒಂದು ಎಲೆಯೂ ಇರಬಾರದು. ಹೂದಾನಿಯನ್ನು ಪಾತ್ರೆ ತೊಳೆಯುವ ಸೋಪು ಹಾಕಿ, ಬಾಟಲಿ ಬ್ರಶ್ಶಿನಿಂದ ಊಟದ ತಟ್ಟೆಯಷ್ಟೇ ಚೊಕ್ಕ ಮಾಡಿ. ಸುಮ್ನೆ ನೀರು ಅಲ್ಲಾಡಿಸಿ ಚೆಲ್ಲಿದರೆ ಲೋಳೆ ಅಲ್ಲೇ ಉಳಿಯುತ್ತದೆ. ಹೊಸ ನೀರನ್ನು ಅದು ಒಂದೇ ರಾತ್ರಿಯಲ್ಲಿ ಕೆಡಿಸುತ್ತದೆ.

ಹೂ ಇನ್ನೂ ಹೆಚ್ಚು ದಿನ ಬಾಳಬೇಕಿದ್ದರೆ ಒಂದು ಮಿಶ್ರಣ ಇದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ ಮತ್ತು ಎರಡು ಟೀ ಚಮಚ ಲಿಂಬೆ ರಸ ಹಾಕಿ ಕಲಸಿ. ಕೊನೆಗೆ ಬಿಳಿ ಬಟ್ಟೆಗೆ ಬಳಸುವ ದ್ರವ ಬ್ಲೀಚ್ ಕಾಲು ಟೀ ಚಮಚ. ಸಕ್ಕರೆ ಹೂವಿಗೆ ಊಟ. ಲಿಂಬೆ ಹುಳಿಯಿಂದ ನೀರು ದಂಟಿನಲ್ಲಿ ಸಲೀಸಾಗಿ ಏರುತ್ತದೆ. ಬ್ಲೀಚ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಎರಡು ಎಚ್ಚರ ಬೇಕೇ ಬೇಕು. ಬ್ಲೀಚ್ ಮತ್ತು ಲಿಂಬೆ ರಸವನ್ನು ಹಾಗೇ ನೇರವಾಗಿ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಯಾವಾಗಲೂ ತುಂಬಿದ ನೀರಿಗೇ ಒಂದಾದ ಮೇಲೆ ಒಂದು ಹಾಕಿ, ಕಿಟಕಿ ತೆರೆದಿರಲಿ. ಇನ್ನೊಂದು, ಬ್ಲೀಚ್ ಇಲ್ಲದೆ ಬರೀ ಸಕ್ಕರೆ ಹಾಕಬೇಡಿ. ಆಗ ನೀವು ಊಟ ಹಾಕಿದ್ದು ಹೂವಿಗಲ್ಲ, ಬ್ಯಾಕ್ಟೀರಿಯಾಕ್ಕೆ.

ಈ ಮಿಶ್ರಣ ಗಾಜು ಅಥವಾ ಪಿಂಗಾಣಿ ಪಾತ್ರೆಗೆ ಮಾತ್ರ. ತಾಮ್ರ, ಹಿತ್ತಾಳೆಯ ತಂಬಿಗೆಗೆ ಲಿಂಬೆ ರಸ ಹಾಕಿದರೆ ಲೋಹ ಕರಗಿ ನೀರಿಗೆ ಇಳಿಯುತ್ತದೆ. ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆಯಲ್ಲಿ ಸುಗಂಧರಾಜ ಇಟ್ಟರೆ ಎಷ್ಟು ಚೆಂದ ಕಾಣುತ್ತದೆ ಅಂತ ನನಗೂ ಗೊತ್ತು. ಅದರಲ್ಲಿ ಬರೀ ನೀರು ಹಾಕಿ ದಿನಾ ಬದಲಿಸಿ. ಹೂದಾನಿಗೆ ನಾಣ್ಯ ಹಾಕುವ ಉಪಾಯವನ್ನೂ ಕೇಳಿರುತ್ತೀರಿ. ತಾಮ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇದೆ, ಮಾತು ಅಲ್ಲಿಂದ ಬಂದದ್ದು. ಆದರೆ ಇವತ್ತಿನ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು. ಅದರಿಂದ ಹೂವಿಗೆ ಏನೂ ಆಗುವುದಿಲ್ಲ.

ಎಸಳಿನ ಅಂಚು ಸುಟ್ಟ ಹಾಗೆ ಕಂದಾಗಿದೆ

ನನ್ನ ತಂಗಿಯ ಮನೆ ಮುಂಡರಗಿ ಕಡೆ. ಮನೆ ಮುಂದೆ ಗ್ಲಾಡಿಯೋಲಸ್ ಹಾಕಿದ್ದಾಳೆ. ಕತ್ತರಿಸಿ ಒಳಗೆ ಇಟ್ಟರೆ ಮೂರನೇ ದಿನ ಎಸಳುಗಳ ಅಂಚು ಕಾಗದ ಸುಟ್ಟಂತೆ ಆಗುತ್ತಿತ್ತು, ಮೇಲಿನ ಮೊಗ್ಗುಗಳು ಅರಳುತ್ತಲೇ ಇರಲಿಲ್ಲ. ನೀರು ತಿಳಿಯಾಗಿತ್ತು, ದಂಟೂ ಚೊಕ್ಕ. ಫೋಟೋ ಕಳಿಸಿದಾಗ ನಾನು ಮೊದಲು ಕೇಳಿದ್ದು ನೀರು ಯಾವುದು ಅಂತ. ಬೋರಿನದು.

ಗದಗ ಜಿಲ್ಲೆಯ ಮುಂಡರಗಿ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅನ್ನುವುದು ಆ ಭಾಗದವರಿಗೆಲ್ಲ ಗೊತ್ತಿರುವ ತೊಂದರೆ. ಗ್ಲಾಡಿಯೋಲಸ್ ಮತ್ತು ಜರ್ಬೆರಾ ಹೂಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸಿನಲ್ಲೇ ಅಂಚು ಸುಡಲು ಶುರುವಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಆರ್‌ಓ ಯಂತ್ರದ ಕುಡಿಯುವ ನೀರು ಹಾಕಿ ನೋಡು ಅಂದೆ. ಮುಂದಿನ ಗೊಂಚಲು ಮೇಲಿನವರೆಗೂ ಅರಳಿತು. ಒಂದು ಮಾತು ನೆನಪಿರಲಿ. ಅದೇ ಯಂತ್ರದ ಪಕ್ಕದ ಕೊಳವೆಯಿಂದ ಹೊರಗೆ ಹೋಗುವ ನೀರಿನಲ್ಲಿ ಉಪ್ಪಿನಂಶವೆಲ್ಲ ಒಟ್ಟುಗೂಡಿರುತ್ತದೆ. ನೆಲ ಒರೆಸಲು ಸರಿ, ಹೂದಾನಿಗೆ ಬೇಡ.

ನೀರು ಸರಿ, ದಂಟು ಸರಿ, ರಾತ್ರೋರಾತ್ರಿ ಎಸಳು ಉದುರಿವೆ

ಇದರ ಕಾರಣ ಹೂದಾನಿಯ ಒಳಗೆ ಸಿಗುವುದಿಲ್ಲ. ಸುತ್ತ ನೋಡಿ. ಏಪ್ರಿಲ್ ಕೊನೆಯ ಹೊತ್ತಿಗೆ ಧಾರವಾಡದ ಆಪೂಸ್ ಬರುತ್ತದೆ. ಹಣ್ಣಿನ ಬುಟ್ಟಿ ಮೇಜಿನ ಮೇಲೆ, ಅದರ ಮಗ್ಗುಲಲ್ಲೇ ಹೂದಾನಿ. ನೋಡಲು ಹಬ್ಬ. ಆದರೆ ಹಣ್ಣಾಗುತ್ತಿರುವ ಮಾವು, ಬಾಳೆ ಎಲ್ಲವೂ ಎಥಿಲೀನ್ ಅನಿಲ ಬಿಡುತ್ತವೆ. ಒಂದು ಹಣ್ಣಿನ ಅನಿಲ ಪಕ್ಕದ ಕಾಯಿಯನ್ನು ಹಣ್ಣು ಮಾಡುತ್ತದೆ ಅಂತ ಬಾಳೆಗೊನೆ ಇಟ್ಟ ಮನೆಯವರಿಗೆ ಹೇಳಿಕೊಡಬೇಕಿಲ್ಲ. ಅದೇ ಅನಿಲ ಹೂವಿಗೆ ಮುಪ್ಪು ತರುತ್ತದೆ. ಕಾರ್ನೇಶನ್ ಎಸಳು ಒಳಗೆ ಮುದುಡಿಕೊಂಡು ನಿದ್ದೆ ಹೋದಂತೆ ಕಾಣುತ್ತದೆ. ಕಾಗದದ ಹೂ ಉದುರುತ್ತದೆ. ಕೆಲವು ಜಾತಿಯ ಗುಲಾಬಿಯೂ ಎಸಳು ಬಿಡುತ್ತದೆ. ಸೇವಂತಿಗೆ ಹೂವಿಗೆ ಮಾತ್ರ ಇದು ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ ಒಂದೇ ಹೂದಾನಿಯಲ್ಲಿ ಸೇವಂತಿಗೆ ಗಟ್ಟಿಯಾಗಿದ್ದು ಕಾರ್ನೇಶನ್ ಮುದುಡಿದ್ದರೆ, ಹಣ್ಣಿನ ಬುಟ್ಟಿಯನ್ನು ಅಡಿಗೆಮನೆಗೆ ಸಾಗಿಸಿ.

ಊದಿನಕಡ್ಡಿ ಮತ್ತು ಸೊಳ್ಳೆ ಬತ್ತಿಯ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ದೇವರ ಮನೆಯ ಬಾಗಿಲ ಹತ್ತಿರ ಹೂದಾನಿ ಬೇಡ. ಬಾಡಿದ ಹೂ ತಾನೂ ಅದೇ ಅನಿಲ ಬಿಡುತ್ತದೆ, ಆದ್ದರಿಂದ ಒಂದು ಬಾಡಿದರೆ ಅದನ್ನು ಮೊದಲು ತೆಗೆಯಿರಿ.

ಜಾಗದ ಉಳಿದ ದೋಷಗಳು ಸುಲಭ. ಫ್ಯಾನಿನ ನೇರ ಗಾಳಿ, ಪಡುವಣ ಕಿಟಕಿಯ ಸಂಜೆ ಬಿಸಿಲು, ಫ್ರಿಜ್ಜಿನ ನೆತ್ತಿ. ಈ ಮೂರೂ ಕಡೆ ಎಸಳು ಒಣಗಿ ಕಾಗದದಂತಾಗುತ್ತದೆ, ಆದರೆ ಕತ್ತು ನೆಟ್ಟಗೇ ಇರುತ್ತದೆ. ಜಾಗ ಬದಲಿಸಿ, ಅಷ್ಟೇ.

ಜರ್ಬೆರಾ ಬಗ್ಗಿದೆ

ಮದುವೆ ಮಂಟಪದ ಅಲಂಕಾರಕ್ಕೆ ಬಳಸಿದ ಜರ್ಬೆರಾವನ್ನು ಮನೆಗೆ ತಂದು ಇಡುವವರು ಬಹಳ. ಅದರ ದಂಟು ಟೊಳ್ಳು, ಮೈತುಂಬ ನವಿರು ಕೂದಲು. ಆಳವಾದ ನೀರಿನಲ್ಲಿ ನಿಲ್ಲಿಸಿದರೆ ದಂಟು ಬೇಗ ಕೊಳೆಯುತ್ತದೆ. ನಾಲ್ಕು ಬೆರಳಿನಷ್ಟು ನೀರು ಸಾಕು, ದಿನಾ ಬದಲಿಸಿ. ಗುಲಾಬಿಗೆ ಹೇಳಿದ ಆಳದ ನೀರಿನ ಉಪಾಯವನ್ನು ಇದಕ್ಕೆ ಬಳಸಬೇಡಿ.

ಕತ್ತರಿಸಿದಲ್ಲಿ ಹಾಲು ಬರುತ್ತದೆ

ದೇವಕಣಗಿಲೆ, ಪಾಯಿನ್ಸೆಟಿಯಾ ಈ ಜಾತಿ. ಹಾಲು ಗಟ್ಟಿಯಾಗಿ ದಂಟಿನ ಬಾಯಿ ಮುಚ್ಚುತ್ತದೆ. ಕತ್ತರಿಸಿದ ಕೂಡಲೇ ತುದಿಯನ್ನು ಮೇಣದ ಬತ್ತಿಯ ಉರಿಗೆ ಕೆಲವು ಸೆಕೆಂಡ್ ಹಿಡಿಯಿರಿ, ಅಥವಾ ಕುದಿ ಇಳಿದ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ. ಹೂವಿಗೆ ಆವಿ ಬಡಿಯದಂತೆ ಓರೆಯಾಗಿ ಹಿಡಿದುಕೊಳ್ಳಿ. ಪಾಯಿನ್ಸೆಟಿಯಾ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಕೈ ತೊಳೆದುಕೊಳ್ಳಿ. ಕೆಂಪು ಕಣಗಿಲೆ ನೋಡಲು ಚೆಂದವಾದರೂ ಮಕ್ಕಳಿರುವ ಮನೆಯಲ್ಲಿ ಹೂದಾನಿಗೆ ಬೇಡ. ಗಿಡ ಪೂರ್ತಿ ವಿಷ, ಅದು ನಿಂತ ನೀರು ಕೂಡ.

ದೋಷವೇ ಅಲ್ಲದ್ದು

ದಾಸವಾಳ ಸಂಜೆಗೆ ಮುದುಡಿದರೆ ಚಿಂತೆ ಬೇಡ. ಹೆಚ್ಚಿನ ದಾಸವಾಳಗಳ ಬಾಳುವೆಯೇ ಒಂದು ದಿನ. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ, ಕೆಳಗಿನವು ಬಾಡುವುದು ಸಹಜ. ಬಾಡಿದ್ದನ್ನು ದಿನಾ ಚಿವುಟಿದರೆ ಮೇಲಿನ ಮೊಗ್ಗುಗಳಿಗೆ ನೀರು ಸಿಗುತ್ತದೆ. ಸೇವಂತಿಗೆಯಲ್ಲಿ ಹೂವಿಗಿಂತ ಮೊದಲು ಎಲೆ ಬಾಡುತ್ತದೆ. ಎಲೆ ಬಿಡಿಸಿ ಹಾಕಿ ಹೂ ಇಟ್ಟುಕೊಳ್ಳಿ, ಇನ್ನೂ ಒಂದು ವಾರ ಬರುತ್ತದೆ.

ಕತ್ತರಿಸುವ ಹೊತ್ತಿನ ಬಗ್ಗೆ ನಮ್ಮ ಅಜ್ಜಿಯ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ದೀಪಾ ಹಚ್ಚಿದ ಮ್ಯಾಲ ಗಿಡಾ ಮುಟ್ಟಬಾರದವ್ವಾ, ಮಲಗಿರತಾವು." ಅವಳು ಹೂದಾನಿ ಇಟ್ಟವಳಲ್ಲ. ಹೂ ಅಂದರೆ ಅವಳಿಗೆ ದೇವರಿಗೆ, ಇಲ್ಲವೇ ಮುಡಿಗೆ. ನಾನು ಅವಳ ಮಾತು ಮೀರಿಲ್ಲ. ಬೆಳಿಗ್ಗೆ ಏಳರ ಒಳಗೆ ಕತ್ತರಿಸುತ್ತೇನೆ. ರಾತ್ರಿಯೆಲ್ಲ ನೀರು ಕುಡಿದ ದಂಟು ಆಗ ತುಂಬಿರುತ್ತದೆ. ಈಗ ಕಾಲು ಭಾಗ ನೀರಿನ ಬಕೆಟ್ ಇಲ್ಲದೆ ಹಿತ್ತಲಿಗೆ ಇಳಿಯುವುದಿಲ್ಲ. ಪಕ್ಕದ ಮನೆಯವರು ಮಾತಿಗೆ ನಿಂತರೆ ನಿಲ್ಲುತ್ತೇನೆ, ಹೂ ಮಾತ್ರ ಅಷ್ಟೂ ಹೊತ್ತು ನೀರಿನಲ್ಲೇ ಇರುತ್ತವೆ.